ಬಾರದ ಪಾರ್ಸಲು, ಬರಬೇಕಾದ ಹಣ

2024ರ ಗಣೇಶ ಚೌತಿಗೆ ಮುಂಚಿನ ವಾರ. ನಮ್ಮ ಅಪ್ಪಯ್ಯನಿಗೆ ಒಂದು ಜೊತೆ ಕಿವಿಯ ಯಂತ್ರ ತರಿಸುವುದೆಂದು ಮನೆಯಲ್ಲಿ ನಿಶ್ಚಯವಾಯಿತು. ಬೆಲೆ 18,400 ರೂಪಾಯಿ. ಹಣ ಅವರದೇ. ಬೈಕುಲ್ಲಾ ಸ್ಟೇಶನ್ನಿನ ಬಳಿಯ ಹೊಟೇಲೊಂದರ ಗಲ್ಲಾದಲ್ಲಿ ಮೂವತ್ತು ವರ್ಷ ಕುಳಿತು ಇನ್ನೊಬ್ಬರ ಹಣ ಎಣಿಸಿದವರು, ತಮಗಾಗಿ ಇಷ್ಟು ದೊಡ್ಡ ಮೊತ್ತವನ್ನು ಒಮ್ಮೆಗೇ ಖರ್ಚು ಮಾಡಿದ್ದು ಇದೇ ಮೊದಲು. ನಾನು ಮೊಬೈಲಿನಲ್ಲಿ ಆರ್ಡರು ಹಾಕಿ ಪೂರ್ತಿ ಹಣ ಪಾವತಿ ಮಾಡಿದೆ. ಸೆಪ್ಟೆಂಬರ್ 6ರಂದು ಸಾಮಾನು ಬರಬೇಕು. ಆ ದಿನ ಸಂಜೆ ಬಂದದ್ದು ಸಾಮಾನಲ್ಲ, ‘ತಲುಪಿಸಲಾಗಿದೆ’ ಎಂಬ ಸಂದೇಶ. ಸಾಕ್ಷಿಗೆ ಒಂದು ಫೋಟೋ. ಆ ಫೋಟೋದಲ್ಲಿದ್ದುದು ಯಾರದೋ ಅಂಗಡಿಯ ಕಬ್ಬಿಣದ ಶಟರು. ನಮ್ಮ ಮನೆಯದು ಹಸಿರು ಬಣ್ಣದ ಮರದ ಬಾಗಿಲು.

ವಿಷಯವನ್ನು ಅಪ್ಪಯ್ಯನ ಕಿವಿಯ ಹತ್ತಿರ ಬಾಯಿಟ್ಟು ಎರಡು ಸಲ ಹೇಳಬೇಕಾಯಿತು. ಕೇಳಿಸಿಕೊಂಡ ಮೇಲೆ ಅವರು ಸಿಟ್ಟಾಗಲಿಲ್ಲ. “ಸಾಮಾನು ಬಪ್ಪುದಕ್ಕೆ ಮುಂಚೆ ದುಡ್ಡು ಎಂತಕ್ಕೆ ಕೊಟ್ಟೆ ಮಗಾ?” ಎಂದು ಕೇಳಿದರು, ಅಷ್ಟೆ.

ಉತ್ತರ ನನ್ನಲ್ಲಿರಲಿಲ್ಲ. ಆಮೇಲೆ ಹಣ ವಾಪಸು ಪಡೆಯಲು ನಡೆಸಿದ ಓಡಾಟದ ನಡುವೆ ಈ ಪ್ರಶ್ನೆಯ ಬೆನ್ನು ಹತ್ತಿ ಸ್ವಲ್ಪ ಹಳೆಯ ಕಾಯ್ದೆಗಳನ್ನೂ ಪುಸ್ತಕಗಳನ್ನೂ ತಿರುವಿ ಹಾಕಿದೆ. ಕಾಣದ ಊರಿನ ಕಾಣದ ವ್ಯಾಪಾರಿಯಿಂದ ಮಾಲು ತರಿಸುವ ರೂಢಿ ಮೊಬೈಲಿನಿಂದ ಹುಟ್ಟಿದ್ದಲ್ಲ. ಕೊಳ್ಳುವವನ ಕೈ ಬಿಟ್ಟ ಹಣ ಮಾರುವವನ ಕೈ ಸೇರುವ ತನಕ ನಡುವೆ ಯಾರ ಬಳಿ ಇರಬೇಕು? ಈ ಒಂದು ಮಾತಿನ ಸುತ್ತಲೇ ನೂರೈವತ್ತು ವರ್ಷಗಳಿಂದ ನಿಯಮಗಳು ಹುಟ್ಟುತ್ತ, ಸಾಯುತ್ತ, ಮತ್ತೆ ಹುಟ್ಟುತ್ತ ಬಂದಿವೆ. ಮುಂಬಯಿಯ ನಮ್ಮ ಕನ್ನಡಿಗರ ಮನೆಗಳಲ್ಲಿ ಈಗ ದಿನಕ್ಕೊಂದು ಪಾರ್ಸಲು ಬರುತ್ತಿರುವುದರಿಂದ ಈ ಇತಿಹಾಸವನ್ನು ವಾಚಕರೊಡನೆ ಹಂಚಿಕೊಳ್ಳುವುದು ಅಪ್ರಸ್ತುತವಾಗಲಾರದು.

ಮೊದಲು ಹಡಗಿನ ಕಾಲಕ್ಕೆ ಹೋಗೋಣ. ಬೈಕುಲ್ಲಾದ ಮಗ್ಗುಲಲ್ಲೇ ಮಾಝಗಾಂವ್ ಇದೆ, ಅದರಾಚೆ ಸಮುದ್ರ. ಪಶ್ಚಿಮ ಕರಾವಳಿಯ ವ್ಯಾಪಾರಿಗಳಲ್ಲಿ ‘ಜೋಖಮಿ ಹುಂಡಿ’ ಎಂಬ ಒಂದು ಬಗೆಯ ಹುಂಡಿ ಬಳಕೆಯಲ್ಲಿತ್ತು. ಹಡಗಿಗೆ ಮಾಲು ಏರಿಸಿದ ವ್ಯಾಪಾರಿ ಆ ಮಾಲಿನ ಆಧಾರದ ಮೇಲೆ ಹುಂಡಿ ಬರೆಯುತ್ತಿದ್ದ. ಹಡಗು ಕ್ಷೇಮವಾಗಿ ಬಂದರು ಸೇರಿದರೆ ಮಾತ್ರ ಆ ಕಡೆಯವನು ಹಣ ಕೊಡಬೇಕು. ಮಾಲು ಸಮುದ್ರದ ಪಾಲಾದರೆ ಹುಂಡಿಯ ಹಣ ಸಲ್ಲತಕ್ಕದ್ದಿಲ್ಲ. ಹುಂಡಿಯೂ ಹೌದು, ವಿಮೆಯೂ ಹೌದು. ಜೋಖಮಿ ಎಂದರೆ ನಮ್ಮ ‘ಜೋಕೆ’ಯಲ್ಲ, ಅಪಾಯದ ಹೊಣೆ ಎಂದರ್ಥ. ಸಾಮಾನು ಬಾರದೆ ದುಡ್ಡಿಲ್ಲ ಎಂಬ ಅಪ್ಪಯ್ಯನ ಸಿದ್ಧಾಂತಕ್ಕೆ ಇದಕ್ಕಿಂತ ಸ್ಪಷ್ಟವಾದ ಪೂರ್ವಾಧಾರ ನನಗಂತೂ ಸಿಕ್ಕಿಲ್ಲ. ಆದರೆ ಇದು ಪರಸ್ಪರ ಪರಿಚಯವಿದ್ದ ಸಾಹುಕಾರರ ಲೋಕದ ಏರ್ಪಾಡು. ಒಂದು ಗಡಿಯಾರವನ್ನೋ ಒಂದು ಪುಸ್ತಕವನ್ನೋ ತರಿಸುವ ಸಾಮಾನ್ಯನಿಗೆ ಅದು ಒದಗುವಂತಿರಲಿಲ್ಲ.

ಅವನಿಗೆ ಒದಗಿದ್ದು ರೈಲು ಮತ್ತು ಅಂಚೆ. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ಹೊರಟ ಮೊದಲ ಪ್ರಯಾಣಿಕರ ರೈಲಿನ ಹಾದಿಯಲ್ಲೇ ನಮ್ಮ ಬೈಕುಲ್ಲಾ ಇತ್ತು. ಮುಂದಿನ ಎರಡು ಮೂರು ದಶಕಗಳಲ್ಲಿ ರೈಲು ಒಳನಾಡಿಗೆ ಹಬ್ಬಿತು; ಅದರ ಬೆನ್ನಿಗೆ ಮುಂಬಯಿ, ಕಲಕತ್ತೆಗಳ ದೊಡ್ಡ ಅಂಗಡಿಗಳ ಜಾಹೀರಾತು ಹಬ್ಬಿತು. ಧಾರವಾಡದ ಮಾಸ್ತರರು ಮುಂಬಯಿಯ ಅಂಗಡಿಯ ಗಡಿಯಾರವನ್ನು ಪತ್ರಿಕೆಯಲ್ಲಿ ನೋಡಬಹುದಾಯಿತು. ಆದರೆ ಮೊದಲು ಹಣ ಕಳಿಸಲು ಮಾಸ್ತರರಿಗೆ ಭಯ, ಮೊದಲು ಗಡಿಯಾರ ಕಳಿಸಲು ಅಂಗಡಿಯವನಿಗೆ ಭಯ.

ಈ ಎರಡು ಭಯಗಳ ನಡುವೆ ಸರಕಾರ ತಾನೇ ಬಂದು ನಿಂತದ್ದು 1877ರಲ್ಲಿ. ಆ ವರ್ಷ ಭಾರತದ ಅಂಚೆ ಇಲಾಖೆ ‘ವ್ಯಾಲ್ಯೂ ಪೇಯಬಲ್’ ಪದ್ಧತಿಯನ್ನು ಜಾರಿಗೆ ತಂದಿತು. ಹಳಬರೆಲ್ಲ ‘ವೀಪೀ’ ಎಂದು ಕರೆಯುತ್ತಿದ್ದುದು ಇದನ್ನೇ. ವ್ಯಾಪಾರಿ ಪಾರ್ಸಲಿನ ಮೇಲೆ ಇಷ್ಟು ಹಣ ವಸೂಲಾಗಬೇಕೆಂದು ಬರೆದು ಅಂಚೆಗೆ ಒಪ್ಪಿಸುತ್ತಾನೆ. ಪೋಸ್ಟ್‌ಮನ್ ಅದನ್ನು ಊರಿಗೆ ಒಯ್ದು, ವಿಳಾಸದಾರನಿಂದ ಹಣ ಎಣಿಸಿಕೊಂಡು, ಪಾರ್ಸಲು ಕೊಡುತ್ತಾನೆ. ಆ ಹಣ ಅಂಚೆಯ ಮೂಲಕವೇ ವ್ಯಾಪಾರಿಗೆ ಹೋಗುತ್ತದೆ. ವಿಳಾಸದಾರ ಬೇಡವೆಂದರೆ ಪಾರ್ಸಲು ಬಂದ ದಾರಿಗೆ. 1880ರಲ್ಲಿ ಮನಿಆರ್ಡರಿನ ಕೆಲಸವೂ ಸರಕಾರಿ ಖಜಾನೆಗಳಿಂದ ಅಂಚೆಯ ಕೈಗೆ ಬಂದಿತು. ವೀಪೀ ಹಣ ಊರಿಂದೂರಿಗೆ ಹರಿಯಲು ಒಂದು ಕಾಲುವೆ ಸಿದ್ಧವಾಯಿತು. ನಮ್ಮ ಮೈಸೂರು ಸಂಸ್ಥಾನಕ್ಕೆ ಚಿಕ್ಕದೇವರಾಜ ಒಡೆಯರ ಕಾಲದಿಂದಲೂ ಸ್ವಂತ ಅಂಚೆ ಇತ್ತೆಂಬುದು ವಾಚಕರಿಗೆ ಗೊತ್ತಿದ್ದದ್ದೇ. ಅದು 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಯಿತು. ‘ಅಂಚೆ’ ಎಂಬ ಮಾತು ಮಾತ್ರ ನಮ್ಮಲ್ಲಿ ಉಳಿಯಿತು.

ವೀಪೀಯ ವೈಶಿಷ್ಟ್ಯವೆಂದರೆ, ಸಾಮಾನು ಬಾರದೆ ಹೋದರೆ ಹಣ ವಾಪಸು ಕೇಳುವ ಪ್ರಶ್ನೆಯೇ ಅಲ್ಲಿ ಹುಟ್ಟುವುದಿಲ್ಲ. ಕೊಟ್ಟಿದ್ದರಲ್ಲವೆ ಕೇಳುವುದು? ಆದರೆ ಇನ್ನೊಂದು ಮೋಸಕ್ಕೆ ಅದರಲ್ಲಿ ಅವಕಾಶವಿತ್ತು. ಹಣ ಕೊಡುವ ಮೊದಲು ಪಾರ್ಸಲು ಬಿಚ್ಚಿ ನೋಡುವಂತಿರಲಿಲ್ಲ. ಗಡಿಯಾರದ ಡಬ್ಬಿಯಲ್ಲಿ ಕಲ್ಲು, ರೇಡಿಯೋದ ಪೆಟ್ಟಿಗೆಯಲ್ಲಿ ಇಟ್ಟಿಗೆ ಬಂದ ಕಥೆಗಳನ್ನು ನಮ್ಮ ಹಿರಿಯರು ಹೇಳುವುದುಂಟು. ಕೇಳದವರಿಗೂ ಪಾರ್ಸಲು ಕಳಿಸಿ, ಮನೆಯ ಯಜಮಾನ ಊರಲ್ಲಿಲ್ಲದಾಗ ಹೆಂಗಸರಿಂದ ಹಣ ವಸೂಲು ಮಾಡುವ ವ್ಯಾಪಾರಿಗಳೂ ಇದ್ದರಂತೆ.

ಇಲ್ಲಿಯೇ ನನಗೆ ಅತ್ಯಂತ ಆಶ್ಚರ್ಯ ಉಂಟುಮಾಡಿದ ಸಂಗತಿ ಇರುವುದು. 1898ರ ಭಾರತೀಯ ಅಂಚೆ ಕಚೇರಿ ಕಾಯ್ದೆಯ 35ನೆಯ ಕಲಮನ್ನು ಓದಿದರೆ, ಅದನ್ನು ಬರೆದ ಗುಮಾಸ್ತನಿಗೆ ಈ ಎಲ್ಲ ಕಥೆಗಳೂ ಗೊತ್ತಿದ್ದವೆನ್ನಿಸುತ್ತದೆ. ನಿಜವಾಗಿ ಬಂದ ಆರ್ಡರಿಗೆ ತಕ್ಕಂತೆ ಕಳಿಸುತ್ತಿದ್ದೇನೆಂದು ವ್ಯಾಪಾರಿಯಿಂದ ಘೋಷಣೆ ಬರೆಸಿಕೊಳ್ಳಲು ಅಲ್ಲಿ ಅಧಿಕಾರ ಕೊಡಲಾಗಿದೆ. ಅದಕ್ಕಿಂತ ಮುಖ್ಯವಾಗಿ, ಮೋಸ ನಡೆದ ಪ್ರಸಂಗಗಳಲ್ಲಿ ವಸೂಲಾದ ಹಣವನ್ನು ವ್ಯಾಪಾರಿಗೆ ಕಳಿಸದೆ ತಡೆದಿಟ್ಟುಕೊಂಡು ವಿಳಾಸದಾರನಿಗೆ ಹಿಂದಿರುಗಿಸಲು ನಿಯಮ ಮಾಡಬಹುದೆಂದು ಹೇಳಿದೆ. ಪ್ಲೇಗಿನ ಹಾವಳಿಯ ತರುವಾಯ ಬೈಕುಲ್ಲಾ, ಮಾಝಗಾಂವ್ ಕಡೆಯ ಬಡಾವಣೆಗಳನ್ನು ಸುಧಾರಿಸಲು ಮುಂಬಯಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿದ್ದೂ ಅದೇ 1898ರಲ್ಲಿ. ನಮ್ಮ ಬಿ.ಐ.ಟಿ. ಚಾಳುಗಳ ಹೆಸರಿಗೆ ಮೂಲ ಆ ಟ್ರಸ್ಟೇ. ಚಾಳುಗಳ ಗೋಡೆ ಏಳುವ ಮೊದಲೇ, ಅಲ್ಲಿ ಮುಂದೆ ವಾಸಿಸುವವನು ದೂರದ ವ್ಯಾಪಾರಿಯಿಂದ ಮೋಸಹೋದರೆ ಅವನ ಹಣ ಮರಳಿಸುವ ದಾರಿಯನ್ನು ಕಾಯ್ದೆಯ ಪುಸ್ತಕ ತೆರೆದಿಟ್ಟಿತ್ತು.

ಆದರೆ ಅದೇ ಕಾಯ್ದೆಯ 6ನೆಯ ಕಲಮು ಇನ್ನೊಂದು ಮುಖ ತೋರಿಸುತ್ತದೆ. ಪತ್ರವಾಗಲಿ ಪಾರ್ಸಲಾಗಲಿ ಕಳೆದುಹೋದರೆ, ತಪ್ಪು ವಿಳಾಸಕ್ಕೆ ಹೋದರೆ, ತಡವಾದರೆ, ತಾನಾಗಿ ಸ್ಪಷ್ಟವಾಗಿ ಒಪ್ಪಿಕೊಂಡ ಮಟ್ಟಿಗಲ್ಲದೆ ಸರಕಾರ ಹೊಣೆಯಲ್ಲ ಎಂಬುದು ಅದರ ತಾತ್ಪರ್ಯ. ಮೋಸಮಾಡಿದವನ ಕೈಯಿಂದ ಹಣ ಕಿತ್ತು ಕೊಡುವೆ, ನನ್ನ ಕೈಯಿಂದ ಕೊಡಲಾರೆ ಎಂದಂತಾಯಿತು. ಈ ಕಾಯ್ದೆ ಬಹು ದೀರ್ಘಾಯುಷಿ. 2023ರಲ್ಲಿ ಹೊಸ ಅಂಚೆ ಕಾಯ್ದೆ ಬಂದು, 2024ರ ಜೂನ್ 18ರಂದು ಅದು ಜಾರಿಯಾದ ಮೇಲೆಯೇ ಹಳೆಯದು ತೆರೆಗೆ ಸರಿದದ್ದು.

ನಡುವಿನವನ ಕೈಯಲ್ಲೇ ಹಣ ಸಿಕ್ಕಿಬಿದ್ದರೆ? ಹಾಗೂ ಒಂದು ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ದೇಶವಿಭಜನೆಯ ತರುವಾಯ ಭಾರತದ ಒಬ್ಬ ವ್ಯಾಪಾರಿ ಪಾಕಿಸ್ತಾನದ ಗಿರಾಕಿಗಳಿಗೆ ವೀಪೀಯಲ್ಲಿ ಮಾಲು ಕಳಿಸಿದ್ದ. ಹಣ ಅವನ ಕೈಗೆ ಬರಲಿಲ್ಲ. ಆತ ಭಾರತ ಸರಕಾರದ ಮೇಲೆ ದಾವೆ ಹೂಡಿದ. ಮೂರು ದಶಕಗಳ ನಂತರ ತೀರ್ಪು ಬಂದಾಗ, ಅಂಚೆ ಇಲಾಖೆ ವ್ಯಾಪಾರಿಯ ಏಜೆಂಟನಲ್ಲ, ಅದು ಕಾಯ್ದೆಯ ಪ್ರಕಾರ ನಡೆಸುವ ಸಾರ್ವಜನಿಕ ಸೇವೆ, ಪಾಕಿಸ್ತಾನದಿಂದ ಕೈಸೇರದ ಹಣಕ್ಕೆ ಭಾರತ ಸರಕಾರ ಹೊಣೆಯಾಗದು ಎಂದಾಯಿತು. ಪಾಪ, ಆ ವ್ಯಾಪಾರಿ ಎರಡು ದೇಶಗಳ ನಡುವಿನ ಲೆಕ್ಕದಲ್ಲಿ ಕಳೆದುಹೋದ.

ಇಷ್ಟೆಲ್ಲ ಇದ್ದರೂ ವೀಪೀ ಜನರ ವಿಶ್ವಾಸ ಗಳಿಸಿತೆಂಬುದಕ್ಕೆ ನಮ್ಮ ಮನೆಯ ತಗಡಿನ ಟ್ರಂಕೇ ಸಾಕ್ಷಿ. ಅಪ್ಪಯ್ಯ 1970ರ ದಶಕದಲ್ಲಿ ಕುಂದಾಪುರದ ಕಡೆಯಿಂದ ಇಲ್ಲಿಗೆ ಬಂದವರು. ಹೊಟೇಲಿನ ದುಡಿಮೆಯ ನಡುವೆ ಅವರಿಗಿದ್ದ ಒಂದೇ ಚಟ ಕನ್ನಡ ಕಾದಂಬರಿ. ಧಾರವಾಡ, ಮೈಸೂರು, ಬೆಂಗಳೂರುಗಳ ಪ್ರಕಾಶಕರಿಗೆ ಒಂದು ಕಾರ್ಡು ಬರೆದರೆ ಪುಸ್ತಕ ವೀಪೀಯಲ್ಲಿ ಬರುತ್ತಿತ್ತು. 1972ರ ಆಗಸ್ಟ್ 15ರಂದು ಪಿನ್‌ಕೋಡು ಜಾರಿಗೆ ಬಂದ ಮೇಲೆ ವಿಳಾಸದ ಕೊನೆಗೆ ಆರಂಕಿಯ ಸಂಖ್ಯೆ ಬರೆಯುವುದನ್ನು ಅವರು ಶಾಸ್ತ್ರದಂತೆ ಪಾಲಿಸಿದರು. ಪೋಸ್ಟ್‌ಮನ್ ಹೊಟೇಲಿಗೇ ಬರುವನು, ಅವನಿಗೊಂದು ಚಹ, ಹಣ ಎಣಿಸಿ ಕೊಟ್ಟು ಪುಸ್ತಕ ತೆಗೆದುಕೊಂಡು ರಶೀದಿ ಜೋಪಾನ. ಆ ರಶೀದಿಗಳ ಕಟ್ಟುಗಳು ಈಗಲೂ ಇವೆ. ಸಾಲವಾಗಲಿ ಮುಂಗಡವಾಗಲಿ ಅವರಿಗೆ ಆಗಿಬರದು. ಒಂದೇ ಒಂದು ಅಪವಾದ, ಗ್ರಂಥಮಾಲೆಯ ಚಂದಾ. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಹುಟ್ಟುಹಾಕಿದ ಮನೋಹರ ಗ್ರಂಥಮಾಲೆ ಚಂದಾದಾರರ ವಿಶ್ವಾಸದ ಮೇಲೆ ನಡೆದ ಸಂಸ್ಥೆ. ಇನ್ನೂ ಅಚ್ಚಾಗದ ಪುಸ್ತಕಕ್ಕೆ ಹಣ ಕೊಟ್ಟು ಕಾಯುವುದೆಂದರೆ ಮುಂಗಡ ಪಾವತಿಯೇ ಅಲ್ಲವೆ ಎಂದು ನಾನು ಕೇಳಿದ್ದಕ್ಕೆ, “ಅವರು ಪರಿಚಯದವರು” ಎಂದರು. ಅವರು ಧಾರವಾಡ ನೋಡಿದವರೇ ಅಲ್ಲ.

ಮುಂಗಡ ಹಣ ಕಳಿಸಿ ಸಾಮಾನು ಬಾರದವರ ಪಾಡು ಆಗ ಏನಿತ್ತು? ಕಾಯ್ದೆ ಇರಲಿಲ್ಲವೆಂದಲ್ಲ. 1872ರ ಕರಾರು ಕಾಯ್ದೆಯ 73ನೆಯ ಕಲಮಿನಂತೆ ಮಾತು ಮುರಿದವನು ನಷ್ಟ ತುಂಬಿಕೊಡಬೇಕು. 1930ರ ಸರಕು ಮಾರಾಟ ಕಾಯ್ದೆಯ 57ನೆಯ ಕಲಮು ಮಾಲು ಒಪ್ಪಿಸದವನ ಮೇಲೆ ದಾವೆ ಹೂಡುವ ಹಕ್ಕು ಕೊಡುತ್ತದೆ. 61ನೆಯ ಕಲಮು, ಯಾವುದಕ್ಕಾಗಿ ಹಣ ಕೊಟ್ಟೆವೋ ಅದೇ ವಿಫಲವಾದರೆ ಕೊಟ್ಟ ಹಣವನ್ನು ವಾಪಸು ಪಡೆಯುವ ಹಕ್ಕನ್ನು ಎತ್ತಿಹಿಡಿಯುತ್ತದೆ. ಹಕ್ಕಿಗೆ ಕೊರತೆಯಿರಲಿಲ್ಲ, ಕೊರತೆಯಿದ್ದುದು ದಾರಿಗೆ. ಸಣ್ಣ ಮೊತ್ತದ ವ್ಯಾಜ್ಯಗಳಿಗೆಂದು ಮುಂಬಯಿಯಲ್ಲಿ ಸ್ಮಾಲ್ ಕಾಸಸ್ ಕೋರ್ಟು ಇತ್ತು, ಧೋಬಿ ತಲಾವಿನಲ್ಲಿ. ಅದಕ್ಕೆ 1882ರ ಪ್ರತ್ಯೇಕ ಕಾಯ್ದೆಯೂ ಇತ್ತು. ಆದರೆ ನಲವತ್ತು ರೂಪಾಯಿಯ ಇಸ್ತ್ರಿಪೆಟ್ಟಿಗೆಗಾಗಿ ವಕೀಲರ ಫೀಜು ಕೊಟ್ಟು, ಕೆಲಸಕ್ಕೆ ರಜೆ ಹಾಕಿ, ದಿಲ್ಲಿಯ ವ್ಯಾಪಾರಿಗೆ ಸಮನ್ಸು ತಲುಪಿಸುವವರು ಯಾರು? ಹೆಚ್ಚಿನವರು ಎರಡು ರಿಜಿಸ್ಟರ್ಡ್ ಪತ್ರ ಬರೆದು ಸುಮ್ಮನಾಗುತ್ತಿದ್ದರು. ಮೋಸದ ವ್ಯಾಪಾರ ನಿಂತಿದ್ದುದೇ ಈ ಸುಮ್ಮನಿರುವಿಕೆಯ ಮೇಲೆ.

ಹೊರದೇಶದ ಒಂದು ಮಾತು ಇಲ್ಲಿ ಹೇಳಬೇಕು. ಅಮೆರಿಕದ ಶಿಕಾಗೋದಲ್ಲಿ 1872ರಲ್ಲಿ ಅಂಚೆಯ ಮೂಲಕ ಮಾರಾಟ ಆರಂಭಿಸಿದ ಮಾಂಟ್‌ಗೊಮರಿ ವಾರ್ಡ್ ಸಂಸ್ಥೆ, 1875ರಲ್ಲಿ ಸಮಾಧಾನವಾಗದಿದ್ದರೆ ಹಣ ವಾಪಸು ಎಂಬ ಭರವಸೆಯನ್ನು ಅಚ್ಚು ಹಾಕಿತು. ಅದು ವ್ಯಾಪಾರಿಯ ಮಾತು, ಕಾಯ್ದೆಯಲ್ಲ. ಸರಿಯಾಗಿ ನೂರು ವರ್ಷಗಳ ನಂತರ, 1975ರಲ್ಲಿ, ಅಲ್ಲಿಯ ಸರಕಾರಿ ಆಯೋಗ ಅಂಚೆ ಮಾರಾಟಕ್ಕೆ ನಿಯಮ ಮಾಡಿತು. ಅವಧಿ ಹೇಳಿರದಿದ್ದರೆ ಮೂವತ್ತು ದಿನಗಳಲ್ಲಿ ಮಾಲು ರವಾನೆಯಾಗಬೇಕು. ತಡವಾಗುವುದಾದರೆ ಗಿರಾಕಿಯ ಒಪ್ಪಿಗೆ ಪಡೆಯಬೇಕು, ಇಲ್ಲವೆ ಹಣ ಮರಳಿಸಬೇಕು. ಅದರ ಹಿಂದಿನ ವರ್ಷ ಬಂದ ಇನ್ನೊಂದು ಕಾಯ್ದೆ, ಕ್ರೆಡಿಟ್ ಕಾರ್ಡಿನಲ್ಲಿ ಕೊಂಡ ಮಾಲು ಬಾರದಿದ್ದರೆ ಆ ಬಿಲ್ಲನ್ನೇ ಪ್ರಶ್ನಿಸುವ ಹಕ್ಕು ಕೊಟ್ಟಿತು. ಇಂದು ನಮ್ಮ ಬ್ಯಾಂಕುಗಳಲ್ಲಿ ಕಾರ್ಡಿನ ಗಿರಾಕಿಗಳು ‘ಚಾರ್ಜ್‌ಬ್ಯಾಕ್’ ಎಂದು ಕೇಳುವ ಸೌಲಭ್ಯ ಇದೇ ಜಾತಿಯದು. ಸಾಮಾನು ಬಾರದಿದ್ದರೆ ಕಾರ್ಡು ಕೊಟ್ಟ ಬ್ಯಾಂಕಿಗೆ ಬೇಗನೆ ಬರೆದುಕೊಡಬೇಕು, ಗಡುವು ಮೀರಿದರೆ ಕೇಳುವವರಿಲ್ಲ.

ನಮ್ಮ ದೇಶದಲ್ಲಿ ಬಳಕೆದಾರರ ಸಂಘಟನೆಗೆ ಬೇರು ಬಿಟ್ಟ ಊರುಗಳಲ್ಲಿ ಮುಂಬಯಿ ಅಗ್ರಗಣ್ಯ. ಇದು ನಾವು ಹೆಮ್ಮೆಪಡಬಹುದಾದ ವಿಷಯ. 1966ರಲ್ಲಿ ಇಲ್ಲಿಯ ಕೆಲವು ಮಹಿಳೆಯರು ಸೇರಿ ‘ಕನ್ಸ್ಯೂಮರ್ ಗೈಡನ್ಸ್ ಸೊಸೈಟಿ ಆಫ್ ಇಂಡಿಯಾ’ ಸ್ಥಾಪಿಸಿದರು. ತೂಕದಲ್ಲಿ ಮೋಸ, ಎಣ್ಣೆಯಲ್ಲಿ ಕಲಬೆರಕೆ, ಕೈಕೊಟ್ಟ ಕುಕ್ಕರು ಎಂದು ಮನೆವಾರ್ತೆಯ ದೂರುಗಳನ್ನೇ ಹಿಡಿದು ಹೊರಟ ಆ ಸಂಸ್ಥೆ ‘ಕೀಮತ್’ ಎಂಬ ಪತ್ರಿಕೆಯನ್ನೂ ನಡೆಸಿತು. 1975ರಲ್ಲಿ ಮುಂಬಯಿ ಗ್ರಾಹಕ ಪಂಚಾಯತ್ ಹುಟ್ಟಿತು. ಅದರ ಹಾದಿ ಬೇರೆ. ಹತ್ತಾರು ಕುಟುಂಬಗಳ ಗುಂಪು ಕಟ್ಟಿ ತಿಂಗಳ ದಿನಸಿಯನ್ನು ಸಗಟಾಗಿ ತರಿಸಿ ಹಂಚಿಕೊಳ್ಳುವುದು. ಮಧ್ಯವರ್ತಿಯನ್ನು ಪ್ರಶ್ನಿಸುವ ಬದಲು ಮಧ್ಯವರ್ತಿಯೇ ಇಲ್ಲದಂತೆ ಮಾಡುವ ಉಪಾಯ. ನಮ್ಮ ಎಷ್ಟೋ ಕನ್ನಡಿಗ ಗೃಹಿಣಿಯರು ಮರಾಠಿ ನೆರೆಹೊರೆಯವರೊಡನೆ ಇಂಥ ಗುಂಪುಗಳಲ್ಲಿ ಅಕ್ಕಿ ಬೇಳೆ ಅಳೆದುಕೊಂಡವರೇ.

1985ರ ಏಪ್ರಿಲಿನಲ್ಲಿ ವಿಶ್ವಸಂಸ್ಥೆ ಗ್ರಾಹಕರ ರಕ್ಷಣೆಗೆ ಮಾರ್ಗಸೂಚಿ ಅಂಗೀಕರಿಸಿತು. ಮರುವರ್ಷ ನಮ್ಮ ಸಂಸತ್ತು ಗ್ರಾಹಕ ಸಂರಕ್ಷಣಾ ಕಾಯ್ದೆಯನ್ನು ಮಾಡಿತು. 1986ರ ಡಿಸೆಂಬರ್ 24ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಹಳೆಯ ಹಕ್ಕಿಗೆ ಹೊಸ ದಾರಿ ದೊರೆತದ್ದು ಆಗ. ವಕೀಲರಿಲ್ಲದೆ, ಕೋರ್ಟು ಫೀಜು ಇಲ್ಲದೆ, ಬಿಳಿ ಹಾಳೆಯ ಮೇಲೆ ಬರೆದುಕೊಡುವ ದೂರಿಗೆ ಜಿಲ್ಲಾ ವೇದಿಕೆ. ಮೊದಲು ಒಂದು ಲಕ್ಷ ರೂಪಾಯಿಯವರೆಗಿನ ವ್ಯಾಜ್ಯ, 1993ರಲ್ಲಿ ಐದು ಲಕ್ಷ, 2002ರ ತಿದ್ದುಪಡಿಯಲ್ಲಿ ಇಪ್ಪತ್ತು ಲಕ್ಷ. ಎಲ್ಲ ಜಿಲ್ಲೆಗಳಲ್ಲೂ ವೇದಿಕೆ ತೆರೆಯಲು ಮಾತ್ರ ರಾಜ್ಯ ಸರಕಾರಗಳು ವರ್ಷಗಟ್ಟಲೆ ತೆಗೆದುಕೊಂಡವು. 1993ರಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಸರಕಾರಿ ಸಂಸ್ಥೆಯ ಸೇವೆಯೂ ಈ ಕಾಯ್ದೆಗೆ ಒಳಪಟ್ಟದ್ದೇ. ಗಿರಾಕಿಗೆ ಆದ ಕಿರುಕುಳಕ್ಕೂ ಪರಿಹಾರ ಸಲ್ಲುತ್ತದೆ. ಅದನ್ನು ತಪ್ಪು ಮಾಡಿದ ಅಧಿಕಾರಿಯಿಂದ ವಸೂಲು ಮಾಡತಕ್ಕದ್ದು. ಸರಕಾರಿ ಕಚೇರಿಯಲ್ಲಿ ಕುರ್ಚಿಯಿರುವ ನನ್ನಂಥವರು ಈ ತೀರ್ಪನ್ನು ವರ್ಷಕ್ಕೊಮ್ಮೆಯಾದರೂ ಓದಬೇಕು.

1986ರ ಕಾಯ್ದೆಯಲ್ಲಿ ಒಂದು ತೊಡಕಿತ್ತು. ದೂರನ್ನು ಎದುರುಪಕ್ಷದವನು ವ್ಯಾಪಾರ ಮಾಡುವ ಊರಲ್ಲಿ, ಇಲ್ಲವೆ ವ್ಯಾಜ್ಯದ ಕಾರಣ ಹುಟ್ಟಿದ ಊರಲ್ಲಿ ಕೊಡಬೇಕು. ಬೈಕುಲ್ಲಾದಲ್ಲಿ ಕೂತು ಗುರುಗ್ರಾಮದ ಕಂಪೆನಿಯಿಂದ ಕೊಂಡರೆ ಕಾರಣ ಹುಟ್ಟಿದ್ದೆಲ್ಲಿ? ಈ ವಾದದಲ್ಲೇ ತಿಂಗಳುಗಳು ಸವೆಯುತ್ತಿದ್ದವು.

ಅಷ್ಟರಲ್ಲಿ ಅಂತರ್ಜಾಲದ ಅಂಗಡಿಗಳ ಕಾಲ ಬಂದಿತು. 2007ರಲ್ಲಿ ನಮ್ಮ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಶುರುವಾದದ್ದು ಪುಸ್ತಕ ಮಾರಾಟದಿಂದ. ಅಪರಿಚಿತ ಅಂಗಡಿಗೆ ಮುಂಗಡ ಹಣ ಕೊಡಲು ಜನ ಹಿಂಜರಿದರು. 2010ರಲ್ಲಿ ಆ ಕಂಪೆನಿ ಮನೆ ಬಾಗಿಲಲ್ಲಿ ಸಾಮಾನು ಕೊಟ್ಟು ಹಣ ಪಡೆಯುವ ಪದ್ಧತಿ ತಂದಿತು. ಹೊಸ ಆವಿಷ್ಕಾರವೆಂದು ಪತ್ರಿಕೆಗಳು ಕೊಂಡಾಡಿದವು. ಅಪ್ಪಯ್ಯ ಮಾತ್ರ “ಇದು ವೀಪೀಯಲ್ದಾ?” ಎಂದಿದ್ದರು. 1877ರ ಉಪಾಯ ಖಾಕಿ ಬಿಟ್ಟು ಬೇರೆ ಬಣ್ಣದ ಅಂಗಿ ತೊಟ್ಟು ಬಂದಿತ್ತು, ಅಷ್ಟೆ.

ಆಮೇಲೆ ನಾವೇ ಅದನ್ನು ಬಿಟ್ಟೆವು. 2016ರಲ್ಲಿ ಯು.ಪಿ.ಐ. ಬಂದಿತು, ಅದೇ ನವೆಂಬರಿನಲ್ಲಿ ನೋಟುರದ್ದತಿಯೂ ಆಯಿತು. ಬಾಗಿಲಲ್ಲಿ ನೋಟು ಎಣಿಸುವುದಕ್ಕಿಂತ ಬೆರಳೊತ್ತಿ ಮೊದಲೇ ಕೊಡುವುದು ಸಲೀಸಾಯಿತು. ಮೊದಲೇ ಕೊಟ್ಟವರಿಗೆ ರಿಯಾಯಿತಿ, ಬಾಗಿಲಲ್ಲಿ ಕೊಡುವವರಿಗೆ ಹೆಚ್ಚುವರಿ ಶುಲ್ಕ. ಹೀಗೆ ಜೋಖಮು ಮಾರುವವನ ಹೆಗಲಿಂದ ನಮ್ಮ ಹೆಗಲಿಗೆ ಸದ್ದಿಲ್ಲದೆ ದಾಟಿತು.

ನಡುವಿನ ಹಣದ ಕಡೆ ರಿಸರ್ವ್ ಬ್ಯಾಂಕು ಕಣ್ಣಿಡದೆ ಇರಲಿಲ್ಲ. ಮಧ್ಯವರ್ತಿಗಳು ಗಿರಾಕಿಯ ಹಣವನ್ನು ತಮ್ಮ ಸ್ವಂತ ಹಣದೊಡನೆ ಬೆರೆಸಬಾರದು, ಪ್ರತ್ಯೇಕ ಖಾತೆಯಲ್ಲಿಡಬೇಕು ಎಂದು 2009ರ ನವೆಂಬರಿನಲ್ಲೇ ಅಪ್ಪಣೆ ಮಾಡಿತ್ತು. 2020ರ ಮಾರ್ಚ್ 17ರ ಮಾರ್ಗಸೂಚಿಯಲ್ಲಿ ಪಾವತಿ ಮಧ್ಯವರ್ತಿಗಳು ಈ ಹಣವನ್ನು ಬ್ಯಾಂಕಿನ ಎಸ್ಕ್ರೋ ಖಾತೆಯಲ್ಲಿರಿಸಬೇಕೆಂದಿತು. ವ್ಯಾಪಾರಿಗೆ ಹಣ ಸಲ್ಲುವ ದಿನವನ್ನು ಕೆಲವು ಸಂದರ್ಭಗಳಲ್ಲಿ ಮಾಲು ರವಾನೆಯಾದ ದಿನದಿಂದ, ಕೆಲವದರಲ್ಲಿ ತಲುಪಿದ ದಿನದಿಂದ ಎಣಿಸಬೇಕೆಂದಿತು. ಗಿರಾಕಿ ಒಪ್ಪಿದ ಹೊರತು ಮರುಪಾವತಿ ಬಂದ ದಾರಿಯಲ್ಲೇ ಹೋಗಬೇಕೆಂದೂ ಹೇಳಿತು. ನನಗೆ ಇದನ್ನು ಓದುವಾಗ 1898ರ ಕಾಯ್ದೆಯ 35ನೆಯ ಕಲಮೇ ಕಣ್ಣ ಮುಂದೆ ಬರುತ್ತಿತ್ತು. ತೊಡಕೆಲ್ಲ ‘ತಲುಪಿದ ದಿನ’ ಎಂಬ ಮಾತಿನಲ್ಲಿದೆ. ಪೋಸ್ಟ್‌ಮನ್ ಸಹಿ ಹಾಕಿಸಿಕೊಳ್ಳುತ್ತಿದ್ದ. ಈಗ ಯಾವುದೋ ಶಟರಿನ ಫೋಟೋ ಸಾಕು.

ಇದರ ಜೊತೆಗೆ 2019ರ ಸೆಪ್ಟೆಂಬರಿನ ಇನ್ನೊಂದು ಸುತ್ತೋಲೆ ಇದೆ. ಹಲವರು ಇದನ್ನು ತಪ್ಪಾಗಿ ತಿಳಿದುಕೊಳ್ಳುತ್ತಾರೆ, ನಾನೂ ತಿಳಿದಿದ್ದೆ. ಖಾತೆಯಿಂದ ಹಣ ಕಡಿತವಾಗಿ ವ್ಯಾಪಾರಿಗೆ ಪಾವತಿಯ ಖಾತ್ರಿಯೇ ತಲುಪದಿದ್ದರೆ ಐದು ದಿನಗಳೊಳಗೆ ತಾನಾಗಿ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ನಾನು ಇದನ್ನು ಹಿಡಿದು ಬ್ಯಾಂಕಿಗೆ ಹೋದೆ. “ನಿಮ್ಮ ಹಣ ಅಂಗಡಿಗೆ ಸರಿಯಾಗಿಯೇ ಹೋಗಿದೆಯಲ್ಲ, ಸಾಮಾನು ಬರದಿದ್ದರೆ ನಾವೇನು ಮಾಡೋಣ?” ಎಂದು ಅಲ್ಲಿಯ ಹುಡುಗಿ ಹೇಳಿದಳು. ಅವಳು ಹೇಳಿದ್ದು ಸರಿ. ಅದು ಪಾವತಿ ಕೆಟ್ಟರೆ ಇರುವ ಮದ್ದು, ವ್ಯಾಪಾರ ಕೆಟ್ಟರೆ ಅಲ್ಲ.

ವ್ಯಾಪಾರ ಕೆಟ್ಟರೆ ಇರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಹಳೆಯದರ ಸ್ಥಾನದಲ್ಲಿ ಬಂದು 2020ರ ಜುಲೈ 20ರಂದು ಜಾರಿಯಾಯಿತು. ಮೂರು ದಿನದಲ್ಲೇ ಇ-ಕಾಮರ್ಸ್ ನಿಯಮಗಳೂ ಬಂದವು. ಆ ನಿಯಮದಂತೆ ಪ್ರತಿ ಕಂಪೆನಿಗೂ ಒಬ್ಬ ಕುಂದುಕೊರತೆ ಅಧಿಕಾರಿ ಇರಬೇಕು, ಅವರ ಹೆಸರು ವಿಳಾಸ ಪ್ರಕಟವಾಗಿರಬೇಕು. ದೂರು ಮುಟ್ಟಿತೆಂದು 48 ಗಂಟೆಗಳಲ್ಲಿ ತಿಳಿಸಿ, ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು. ಹೇಳಿದ ದಿನಕ್ಕಿಂತ ತಡವಾಗಿ ಬಂದ ಮಾಲನ್ನು ವಾಪಸು ಪಡೆಯಲು, ಹಣ ಮರಳಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ. ಬಾರದೇ ಇದ್ದ ಮಾಲಿನ ಮಾತು ಹೇಳಬೇಕಾದ್ದೇ ಇಲ್ಲ. ಜಿಲ್ಲಾ ವೇದಿಕೆಗೆ ಈಗ ಜಿಲ್ಲಾ ಆಯೋಗವೆಂದು ಹೆಸರು. ಐದು ಲಕ್ಷದವರೆಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ಮುಖ್ಯವಾಗಿ, ದೂರುದಾರನು ವಾಸಿಸುವ ಅಥವಾ ದುಡಿಯುವ ಊರಿನ ಆಯೋಗಕ್ಕೇ ದೂರು ಕೊಡಬಹುದು. ಹಳೆಯ ತೊಡಕು ಬಿಚ್ಚಿತು. ನಮಗೆ ಪರೇಲಿನ ಪುರವಠಾ ಭವನ, ಬೈಕುಲ್ಲಾದಿಂದ ಮೂರನೆಯ ಸ್ಟೇಶನು. ಕುಂದಾಪುರದಲ್ಲಿ ಒಬ್ಬರೇ ಇರುವ ನಮ್ಮ ಚಿಕ್ಕಮ್ಮನಂಥವರಿಗೆ ಉಡುಪಿ. ಇಲ್ಲಿಂದ ಊರಿನ ಹಿರಿಯರಿಗೆ ಸಾಮಾನು ತರಿಸಿಕೊಡುವ ಮಕ್ಕಳು ಇದನ್ನು ನೆನಪಿಡಬೇಕು. ಕಂಪ್ಯೂಟರಿನ ಮೂಲಕ ದೂರು ಸಲ್ಲಿಸಲು 2020ರಲ್ಲಿ ಇ-ದಾಖಿಲ್ ಬಂದಿತ್ತು, 2025ರ ಜನವರಿಯಿಂದ ಇ-ಜಾಗೃತಿ. ಅಲ್ಲಿಗೆ ಹೋಗುವ ಮೊದಲು 1915 ಎಂಬ ಸಂಖ್ಯೆಗೆ ಫೋನು ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೂ ಮಾತಾಡುತ್ತಾರೆ. ಆದರೆ ಅಂಗಡಿಯೇ ಸುಳ್ಳಾಗಿದ್ದರೆ, ಅಂದರೆ ಹಣ ನುಂಗಲೆಂದೇ ತೆರೆದ ನಕಲಿ ಅಂಗಡಿಯಾಗಿದ್ದರೆ, ಇದಲ್ಲ ದಾರಿ. ಗಳಿಗೆಯೂ ತಡಮಾಡದೆ 1930ಕ್ಕೆ ಫೋನು ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು.

ನಮ್ಮ ಪ್ರಕರಣದಲ್ಲಿ ಅಂಗಡಿ ಸುಳ್ಳಲ್ಲ, ಮಾತು ಸುಳ್ಳು. ಸೆಪ್ಟೆಂಬರ್ 6ರಂದೇ ದೂರು ಹಾಕಿ ಟಿಕೆಟ್ ಸಂಖ್ಯೆ ಪಡೆದೆ. ಕಚೇರಿಯಲ್ಲಿ ಇನ್‌ವರ್ಡ್ ಸಂಖ್ಯೆಯಿಲ್ಲದ ಕಾಗದ ಕಾಗದವೇ ಅಲ್ಲವೆಂಬ ಪಾಠ ಇಲ್ಲಿ ಉಪಯೋಗಕ್ಕೆ ಬಂತು. ಎರಡು ದಿನದಲ್ಲಿ, ಫೋಟೋ ಇರುವುದರಿಂದ ದೂರು ಮುಕ್ತಾಯವಾಗಿದೆ ಎಂಬ ಉತ್ತರ. 9ರಂದು ಕುಂದುಕೊರತೆ ಅಧಿಕಾರಿಗೆ ಬರೆದೆ. ಅವರ ಫೋಟೋ, ನಮ್ಮ ಬಾಗಿಲಿನ ಫೋಟೋ, ಎರಡನ್ನೂ ಅಕ್ಕಪಕ್ಕ ಇಟ್ಟು, ಹಣ ಸಂದಾಯವಾದ ಸಂಖ್ಯೆ, ದಿನಾಂಕಗಳು, ಅವರೊಡನೆ ನಡೆದ ಸಂಭಾಷಣೆಯ ನಕಲು, ಎಲ್ಲ ಸೇರಿಸಿ. 20ರಂದು ಹಣವನ್ನು ತಮ್ಮ ಅಂಗಡಿಯ ‘ವಾಲೆಟ್’ಗೆ ಜಮಾ ಮಾಡುತ್ತೇವೆ, ಅದರಲ್ಲಿ ಬೇರೇನಾದರೂ ಕೊಳ್ಳಿ ಎಂದರು. ಮನೆಯಾಕೆ ಸೋತು, “ಸಿಕ್ಕಿದ್ದನ್ನು ತಗೊಳ್ಳಿ, ಹಬ್ಬಕ್ಕೆ ಮಿಕ್ಸರ್ ತಗೊಂಡರಾಯ್ತು” ಎಂದಳು. ಅಪ್ಪಯ್ಯನ ಕಿವಿಯ ಹಣದಲ್ಲಿ ಚಟ್ನಿ ರುಬ್ಬುವುದು ನನಗೆ ಸರಿಬರಲಿಲ್ಲ. ಒಪ್ಪುವುದಿಲ್ಲವೆಂದು ಬರೆದು, 24ರಂದು 1915ಕ್ಕೆ ದೂರು ಕೊಟ್ಟು ಅದರ ಸಂಖ್ಯೆಯನ್ನೂ ಕಂಪೆನಿಗೆ ಕಳಿಸಿದೆ. ಅಕ್ಟೋಬರ್ 14ರಂದು 18,400 ರೂಪಾಯಿ ನನ್ನ ಖಾತೆಗೆ ಬಂತು. ನಿಯಮದ ಒಂದು ತಿಂಗಳು ಕಳೆದು ಐದು ದಿನಕ್ಕೆ. ಬಡ್ಡಿಯಿಲ್ಲ, ಕ್ಷಮೆಯ ಮಾತೂ ಇಲ್ಲ. ಆಯೋಗಕ್ಕೆ ಹೋಗಿ ಅದನ್ನೂ ಕೇಳಬಹುದಿತ್ತು. ಹೋಗಲಿಲ್ಲ, ಅದು ನನ್ನ ಆಲಸ್ಯ.

ಹಣವನ್ನು ಬ್ಯಾಂಕಿನಿಂದ ನೋಟಾಗಿ ತಂದು ಅಪ್ಪಯ್ಯನ ಕೈಗಿತ್ತೆ. ಅವರು ಎರಡು ಸಲ ಎಣಿಸಿದರು. ಮುಂದಿನ ಶನಿವಾರ ಒಂದು ಅಂಗಡಿಗೆ ಕರೆದುಕೊಂಡು ಹೋದೆ. ಯಂತ್ರವನ್ನು ಕಿವಿಗಿಟ್ಟು, ಬೀದಿಯ ಕಡೆ ನಿಂತು, ಬೆಸ್ಟ್ ಬಸ್ಸಿನ ಹಾರ್ನು, ಅಂಗಡಿಯ ಹುಡುಗನ ಪಿಸುಮಾತು ಎರಡನ್ನೂ ಕೇಳಿಸಿಕೊಂಡು ನೋಡಿದರು. ಆಮೇಲೆ ಜೇಬಿಗೆ ಕೈ ಹಾಕಿದರು. ರಶೀದಿ ಈಗ ಟ್ರಂಕಿನಲ್ಲಿ, ವೀಪೀ ಕಟ್ಟಿನ ಮೇಲೆ ಇದೆ.